ವೈದ್ಯನೂ ಇಂಜಿನಿಯರೂ ಒಂದೇ ಸೂರಿನಡಿ

ಆಸ್ಪತ್ರೆ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವವರು ವೈದ್ಯರು ಮತ್ತು ದಾದಿಯರು. ಯಂತ್ರ ಎಂದೊಡನೆ ನೆನಪಿಗೆ ಬರುವುದು ಕಾರ್ಖಾನೆ. ಇವೆರಡೂ ಬೇರೆ ಬೇರೆ ಲೋಕಗಳೆಂದೇ ನಮ್ಮಲ್ಲಿ ಹಲವರ ಎಣಿಕೆ. ಆದರೆ ನೀವು ಯಾರನ್ನಾದರೂ ಆಸ್ಪತ್ರೆಯಲ್ಲಿ ನೋಡಿಬಂದದ್ದನ್ನು ಸ್ವಲ್ಪ ನೆನಪು ಮಾಡಿಕೊಳ್ಳಿ. ಕೊಕ್ಕೆಗೆ ತೂಗುಹಾಕಿದ ರಕ್ತದ ಚೀಲ, ಎದೆಬಡಿತವನ್ನು ಗೆರೆಯಾಗಿ ಬರೆದು ತೋರಿಸುವ ಉಪಕರಣ, ಮೂತ್ರಪಿಂಡದ ಕೆಲಸವನ್ನು ಹೊರಗಿನಿಂದ ಮಾಡಿಕೊಡುವ ಡಯಾಲಿಸಿಸ್ ಯಂತ್ರ, ಸವೆದ ಮಂಡಿಯ ಬದಲಿಗೆ ಕೂಡಿಸುವ ಲೋಹದ ಕೀಲು—ಇವುಗಳಲ್ಲಿ ಯಾವುದೂ ವೈದ್ಯರೊಬ್ಬರೇ ಮಾಡಿದ್ದಲ್ಲ. ಇಂಜಿನಿಯರೊಬ್ಬರೇ ಮಾಡಿದ್ದೂ ಅಲ್ಲ. ಇಬ್ಬರೂ ಕೂಡಿ ದುಡಿದಾಗ ಹುಟ್ಟಿದವು. ಹೀಗೆ ಕೂಡಿ ದುಡಿಯುವ ವಿದ್ಯೆಗೆ ಜೀವವೈದ್ಯಕೀಯ ಇಂಜಿನಿಯರಿಂಗ್ ಎಂದು ಹೆಸರು.

ಈ ವಿದ್ಯೆಗಾಗಿ ವಿಶ್ವವಿದ್ಯಾನಿಲಯಗಳೂ ಉನ್ನತ ಶಿಕ್ಷಣದ ಸಂಸ್ಥೆಗಳೂ ಪ್ರತ್ಯೇಕ ಪ್ರಯೋಗಶಾಲೆಗಳನ್ನು ಕಟ್ಟುತ್ತವೆ. ಅದಕ್ಕೆ ಹೇರಳವಾದ ಹಣ ಬೇಕು. ಹಣಕ್ಕಿಂತ ಹೆಚ್ಚಾಗಿ ಕಾಲ ಬೇಕು. ‘ಇಷ್ಟೆಲ್ಲ ಏತಕ್ಕೆ? ಬೇಕಾದ ಸಾಮಾನನ್ನು ಹೊರದೇಶದಿಂದ ಕೊಂಡು ತಂದರಾಗದೆ?’ ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದದ್ದೇ. ಏಕೆಂದರೆ ವೆಚ್ಚವಾಗುವುದು ಬಹುಮಟ್ಟಿಗೆ ನಮ್ಮ ನಿಮ್ಮ ತೆರಿಗೆಯ ಹಣ. ಇದಕ್ಕೆ ಉತ್ತರವನ್ನು ಒಂದು ಸಣ್ಣ ವಸ್ತುವಿನ ಮೂಲಕ ಹೇಳಬಹುದು. ನಾಣ್ಯವೊಂದರಷ್ಟು ಅಗಲದ ಆ ವಸ್ತು, ತಿರುವನಂತಪುರದಲ್ಲಿ ರೂಪುಗೊಂಡ ಕೃತಕ ಹೃದಯ ಕವಾಟ.

ಹೃದಯದ ಬಾಗಿಲುಗಳು

ನಮ್ಮ ಹೃದಯವೆಂದರೆ ಮುಷ್ಟಿಯ ಗಾತ್ರದ ಒಂದು ಪಂಪು. ಅದರಲ್ಲಿ ನಾಲ್ಕು ಕೋಣೆಗಳು, ನಾಲ್ಕು ಕವಾಟಗಳು. ಕವಾಟವೆಂದರೆ ಬಾಗಿಲು ತಾನೆ? ರಕ್ತ ಮುಂದಕ್ಕೆ ಹರಿಯುವಾಗ ತೆರೆಯುವುದು, ಹಿಂದಕ್ಕೆ ಬರಲು ನೋಡಿದಾಗ ಮುಚ್ಚಿಕೊಳ್ಳುವುದು, ಇಷ್ಟೇ ಅವುಗಳ ಕೆಲಸ. ಸೈಕಲ್ ಪಂಪಿನಲ್ಲಿಯೂ ನೀರೆತ್ತುವ ಕೈಪಂಪಿನಲ್ಲಿಯೂ ಇರುವ ವಾಲ್ವು ಮಾಡುವುದೂ ಇದನ್ನೇ. ಆದರೆ ಹೃದಯದ ಬಾಗಿಲಿಗೆ ರಜೆ ಎಂಬುದಿಲ್ಲ. ನಿಮಿಷಕ್ಕೆ 72 ಬಡಿತವೆಂದು ಲೆಕ್ಕ ಹಿಡಿದರೆ ದಿನಕ್ಕೆ ಒಂದು ಲಕ್ಷ ಬಾರಿಗೂ ಮೇಲೆ, ವರ್ಷಕ್ಕೆ ಸುಮಾರು 3 ಕೋಟಿ 78 ಲಕ್ಷ ಬಾರಿ ಅದು ತೆರೆದು ಮುಚ್ಚಬೇಕು.

ಈ ಬಾಗಿಲು ಕೆಡುವುದು ಹೇಗೆ? ಬಡತನವೂ ಇಕ್ಕಟ್ಟಾದ ವಸತಿಯೂ ಇರುವ ಕಡೆ ಇದಕ್ಕೆ ಮುಖ್ಯ ಕಾರಣ ಬಾಲ್ಯದ ಒಂದು ಗಂಟಲುನೋವು ಎಂದರೆ ನಿಮಗೆ ಆಶ್ಚರ್ಯವಾದೀತು. ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನಿಂದ ಬರುವ ಗಂಟಲುನೋವಿಗೆ ಸರಿಯಾದ ಔಷಧ ಬೀಳದಿದ್ದರೆ, ಕೆಲವು ಮಕ್ಕಳಿಗೆ ಎರಡು ಮೂರು ವಾರ ಕಳೆದ ಮೇಲೆ ಜ್ವರ ಬಂದು, ಮಂಡಿ, ಮೊಣಕೈಗಳಂಥ ಕೀಲುಗಳು ಬಾತು ನೋಯುತ್ತವೆ. ಇದಕ್ಕೆ ರುಮ್ಯಾಟಿಕ್ ಜ್ವರವೆಂದು ಹೆಸರು. 5ರಿಂದ 15 ವರ್ಷದೊಳಗಿನ ಮಕ್ಕಳಲ್ಲಿ ಇದು ಹೆಚ್ಚು. ರೋಗಾಣುವನ್ನು ಹೊಡೆಯಲು ಎದ್ದ ದೇಹದ ರಕ್ಷಣಾಶಕ್ತಿ ಗುರಿ ತಪ್ಪಿ ತನ್ನದೇ ಹೃದಯದ ಮೇಲೆ ಬೀಳುತ್ತದೆ. ಕೀಲುಗಳ ನೋವು ಮಾಯುತ್ತದೆ, ಮನೆಯವರು ನಿಶ್ಚಿಂತರಾಗುತ್ತಾರೆ. ಕವಾಟದ ಮೇಲೆ ಬಿದ್ದ ಪೆಟ್ಟು ಮಾತ್ರ ಒಳಗೇ ಉಳಿದು, ವರ್ಷಗಳು ಕಳೆದಂತೆ ಅದರ ತೆಳುವಾದ ದಳಗಳು ದಪ್ಪಗಾಗಿ, ಒಂದಕ್ಕೊಂದು ಅಂಟಿಕೊಂಡು, ಬಾಗಿಲು ಪೂರ್ತಿ ತೆರೆಯದೆ ಅಥವಾ ಪೂರ್ತಿ ಮುಚ್ಚದೆ ಹೋಗುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು, ಮಲಗಿದರೆ ಉಸಿರುಕಟ್ಟು. ದುಡಿಯುವ ವಯಸ್ಸಿನ ತರುಣನೋ, ಚೊಚ್ಚಲ ಬಸುರಿಯಾದ ಹೆಣ್ಣುಮಗಳೋ ಆಸ್ಪತ್ರೆಗೆ ಬರುವುದು ಆಗಲೆ. ಕವಾಟ ರಿಪೇರಿಯಾಗದಷ್ಟು ಕೆಟ್ಟಿದ್ದರೆ ಅದನ್ನು ತೆಗೆದು ಬೇರೊಂದನ್ನು ಕೂಡಿಸಬೇಕು.

ಹೊರದೇಶದ ಎರಡು ನಿದರ್ಶನಗಳು

ವೈದ್ಯರೂ ಇಂಜಿನಿಯರೂ ಕೂಡಿದರೆ ಏನಾಗಬಹುದೆಂಬುದಕ್ಕೆ ಮೊದಲು ಅಮೆರಿಕದ ಎರಡು ನಿದರ್ಶನಗಳನ್ನು ನೋಡೋಣ. ಒಂದು, ರೇಡಿಯೋ ಇಟ್ಟುಕೊಂಡವರಿಗೆ ಸ್ವಾರಸ್ಯವಾದದ್ದು. 1957ರ ಅಕ್ಟೋಬರ್ ಕೊನೆಯಲ್ಲಿ ಮಿನಿಯಾಪೊಲಿಸ್ ನಗರದಲ್ಲಿ ವಿದ್ಯುತ್ತು ನಿಂತುಹೋಯಿತು. ಆಗ ಹೃದಯಕ್ಕೆ ಬಡಿತ ಹಚ್ಚುವ ಪೇಸ್‌ಮೇಕರ್ ಉಪಕರಣಗಳು ಗೋಡೆಯ ಕರೆಂಟಿನಿಂದಲೇ ನಡೆಯುತ್ತಿದ್ದವು. ಮಿನ್ನೆಸೋಟ ವಿಶ್ವವಿದ್ಯಾನಿಲಯದ ಶಸ್ತ್ರವೈದ್ಯ ವಾಲ್ಟನ್ ಲಿಲ್ಲೆಹೈ ಅವರು, ಆಸ್ಪತ್ರೆಯ ಉಪಕರಣಗಳನ್ನು ರಿಪೇರಿ ಮಾಡಿಕೊಡುತ್ತಿದ್ದ ಅರ್ಲ್ ಬಾಕನ್ ಎಂಬ ಇಂಜಿನಿಯರನ್ನು ಕೇಳಿದರು: ಬ್ಯಾಟರಿಯಿಂದ ನಡೆಯುವುದೊಂದನ್ನು ಮಾಡಲಾದೀತೆ? ಬಾಕನ್ ಕೆಲವೇ ವಾರಗಳಲ್ಲಿ, ಅದೇ ತಾನೆ ಬಳಕೆಗೆ ಬರುತ್ತಿದ್ದ ಟ್ರಾನ್ಸಿಸ್ಟರುಗಳಿಂದ, ರೋಗಿ ಮೈಮೇಲೆ ಧರಿಸಬಹುದಾದ ಪುಟ್ಟ ಪೆಟ್ಟಿಗೆಯನ್ನು ಮಾಡಿಕೊಟ್ಟರು. ಅಡುಗೆಮನೆಯ ಗೂಡಿನಲ್ಲಿಡುವ ರೇಡಿಯೋವನ್ನು ಸಾಧ್ಯಮಾಡಿದ ಟ್ರಾನ್ಸಿಸ್ಟರೇ ಮಗುವಿನ ಎದೆಬಡಿತವನ್ನೂ ಕಾಯಿತು.

ಇನ್ನೊಂದು, ಕವಾಟದ್ದೇ ಕಥೆ. ನೀರು, ಎಣ್ಣೆಗಳ ಹರಿವನ್ನು ಬಲ್ಲ ಲೊವೆಲ್ ಎಡ್ವರ್ಡ್ಸ್ ಎಂಬ ವೃದ್ಧ ಇಂಜಿನಿಯರು ಒರೆಗಾನ್ ವಿಶ್ವವಿದ್ಯಾನಿಲಯದ ತರುಣ ಶಸ್ತ್ರವೈದ್ಯ ಆಲ್ಬರ್ಟ್ ಸ್ಟಾರ್ ಅವರ ಬಳಿಗೆ ಬಂದು, ಕೃತಕ ಹೃದಯವೊಂದನ್ನು ಕಟ್ಟೋಣವೆಂದರು. ಇಡೀ ಹೃದಯ ಬೇಡ, ಮೊದಲು ಒಂದು ಕವಾಟವನ್ನು ಮಾಡೋಣ ಎಂದು ಸ್ಟಾರ್ ಅವರ ಸಲಹೆ. ಸಣ್ಣ ಪಂಜರದೊಳಗೆ ಗೋಲಿಯೊಂದು ಮೇಲೆ ಕೆಳಗೆ ಆಡುವಂಥ ಅವರ ಕವಾಟವನ್ನು 1960ರಲ್ಲಿ ರೋಗಿಗಳಿಗೆ ಕೂಡಿಸಿದರು. ಅಲ್ಲಿಂದೀಚೆಗೆ ಕವಾಟಗಳ ರೂಪ ಬದಲಾಗುತ್ತ ಬಂದಿದೆ. ಗೋಲಿಯ ಬದಲು ಓರೆಯಾಗಿ ತಿರುಗಿ ತೆರೆಯುವ ಬಿಲ್ಲೆ ಬಂತು. ಆಮೇಲೆ ಎರಡು ರೆಕ್ಕೆಯ ಕವಾಟಗಳೂ ಬಂದವು.

ಅರಮನೆಯಲ್ಲಿ ಪ್ರಯೋಗಶಾಲೆ

ಇಂಥ ಕವಾಟಗಳನ್ನು ಭಾರತ ಹೊರಗಿನಿಂದ ತರಿಸಿಕೊಳ್ಳುತ್ತಿತ್ತು. ಆದರೆ ರುಮ್ಯಾಟಿಕ್ ಜ್ವರ ಹೆಚ್ಚಾಗಿ ತಾಗುವುದು ಯಾರಿಗೆ? ಆ ಬೆಲೆಯನ್ನು ಕೊಡಲಾರದವರಿಗೆ. ಶಸ್ತ್ರಕ್ರಿಯೆ ಮಾಡುವ ಕೈ ಉಂಟು, ಮೇಜು ಉಂಟು. ಕೂಡಿಸಬೇಕಾದ ಕವಾಟಕ್ಕೆ ಮಾತ್ರ ಹಣವಿಲ್ಲ. ಇದನ್ನು ದಿನವೂ ಕಣ್ಣಾರೆ ಕಂಡ ಶಸ್ತ್ರವೈದ್ಯರೊಬ್ಬರು ಡಾ. ಎಂ. ಎಸ್. ವಲಿಯತ್ತಾನ್. 1934ರಲ್ಲಿ ಕೇರಳದ ಮಾವೇಲಿಕ್ಕರದಲ್ಲಿ ಹುಟ್ಟಿದ ಇವರು ಹೊರದೇಶಗಳಲ್ಲಿ ತರಬೇತಿ ಪಡೆದು ಬಂದು, ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯನ್ನು ಕಟ್ಟಿ ನಡೆಸಿದರು.

ಆ ಸಂಸ್ಥೆಯ ರಚನೆಯೇ ಗಮನಿಸಬೇಕಾದದ್ದು. ತಿರುವಾಂಕೂರು ರಾಜಮನೆತನದವರು 1973ರಲ್ಲಿ ಕೊಟ್ಟ ಕಟ್ಟಡದಲ್ಲಿ ಆಸ್ಪತ್ರೆ ಆರಂಭವಾಯಿತು. 1976ರಲ್ಲಿ ರೋಗಿಗಳ ಸೇವೆ ಮೊದಲಾಯಿತು. ಊರಿನ ಇನ್ನೊಂದು ಭಾಗವಾದ ಪೂಜಪ್ಪುರದ ಸೇಟೆಲ್ಮಂಡ್ ಅರಮನೆ ಪ್ರಯೋಗಶಾಲೆಗಳ ನೆಲೆಯಾಯಿತು. ಅಲ್ಲಿ ಹಿಂದೆ ವಾಸವಾಗಿದ್ದವರು ತಿರುವಾಂಕೂರನ್ನು ರೀಜೆಂಟರಾಗಿ ಆಳಿದ ಮಹಾರಾಣಿ ಸೇತು ಲಕ್ಷ್ಮೀಬಾಯಿಯವರು. ಅವರು ತಮ್ಮ ಕಡೆಯ ಕಾಲವನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲಿ. 1980ರಲ್ಲಿ ಪಾರ್ಲಿಮೆಂಟು ಕಾಯಿದೆ ಮಾಡಿ ಇದನ್ನು ರಾಷ್ಟ್ರೀಯ ಮಹತ್ತ್ವದ ಸಂಸ್ಥೆಯೆಂದು ಸಾರಿತು. ವಿಶ್ವವಿದ್ಯಾನಿಲಯದಂತೆಯೇ ತಾನೇ ಪದವಿ ಕೊಡುವ ಅಧಿಕಾರ ಇದಕ್ಕಿದೆ. ಆಸ್ಪತ್ರೆಯೂ ಯಂತ್ರಾಗಾರವೂ ಒಂದೇ ಆಡಳಿತದ ಎರಡು ಕೈಗಳು. ಶಸ್ತ್ರವೈದ್ಯ ಬೆಳಗ್ಗೆ ಕಂಡ ತೊಂದರೆಯನ್ನು ಸಂಜೆ ಇಂಜಿನಿಯರ ಮುಂದಿಡಬಹುದು. ಸೂರು ಒಂದೇ ಎಂದು ನಾನು ಹೇಳಿದ್ದು ಈ ಅರ್ಥದಲ್ಲಿ.

ಕವಾಟದ ಕೆಲಸದಲ್ಲಿ ಇಂಜಿನಿಯರ ಪಾತ್ರ ವಹಿಸಿದವರು ಜಿ. ಎಸ್. ಭುವನೇಶ್ವರ್ ಮತ್ತು ಅವರ ಜೊತೆಗಾರರು. ಅವರು ಆರಿಸಿಕೊಂಡದ್ದು ಓರೆಬಿಲ್ಲೆಯ ಮಾದರಿ. ಲೋಹದ ಒಂದು ಬಳೆ. ಅದರಲ್ಲಿ ಬಿಲ್ಲೆಯನ್ನು ಹಿಡಿದಿಡುವ ಕೊಂಡಿಗಳು. ಒಳಗೆ ತಿರುಗುವ ಬಿಲ್ಲೆ. ಹೊರಸುತ್ತಿಗೆ, ಹೃದಯಕ್ಕೆ ಸೇರಿಸಿ ಹೊಲಿಯಲು ಪಾಲಿಯೆಸ್ಟರ್ ಬಟ್ಟೆಯ ಅಂಚು. ಕಾಗದದ ಮೇಲೆ ಬರೆದರೆ ಇಷ್ಟೆ. ಇದಕ್ಕೆ ಹತ್ತು ವರ್ಷಕ್ಕೂ ಮೀರಿ ಹಿಡಿಯಿತು.

ಮೂರು ಸಲ ಕೈಬಿಟ್ಟದ್ದು

ಏಕೆ ಅಷ್ಟು ಕಾಲ? ಮೂರು ಮಾದರಿಗಳು ಒಂದಾದ ಮೇಲೊಂದು ಸೋತವು. ಮೊದಲನೆಯದರಲ್ಲಿ ಲೋಹಕ್ಕೆ ಬೆಸುಗೆ ಹಾಕಿದ ಕಡೆ ಅದು ಪೆಡಸಾಯಿತು. ಬೆಸುಗೆಯಲ್ಲಿ ಸೋಲು ಎಂದರೆ ಸಾಮಾನ್ಯವಲ್ಲ. ಹೊರದೇಶದಲ್ಲಿ ಮಾರಾಟಕ್ಕೆ ಬಂದಿದ್ದ ಓರೆಬಿಲ್ಲೆಯ ಕವಾಟವೊಂದರಲ್ಲಿ ಬೆಸುಗೆ ಹಾಕಿದ ಕೊಂಡಿ ರೋಗಿಗಳ ಎದೆಯಲ್ಲಿಯೇ ಮುರಿದು, ನೂರಾರು ಮಂದಿ ಸತ್ತು, 1986ರಲ್ಲಿ ಆ ಮಾದರಿಯನ್ನು ಮಾರುಕಟ್ಟೆಯಿಂದ ಹಿಂದೆಗೆಯಬೇಕಾಯಿತು. ತಿರುವನಂತಪುರದವರು ಬೆಸುಗೆಯನ್ನೇ ಬಿಟ್ಟು, ಬಳೆ ಕೊಂಡಿಗಳನ್ನು ಒಂದೇ ಲೋಹದ ತುಂಡಿನಿಂದ ಕಡೆಯುವುದೆಂದು ನಿಶ್ಚಯಿಸಿದರು.

ಎರಡನೆಯ ಮಾದರಿಗೆ ಟೈಟೇನಿಯಂ ಲೋಹದ ಬಳೆ, ನೀಲಮಣಿಯ ಬಿಲ್ಲೆ. ಆಭರಣದ ನೀಲವಲ್ಲ, ಕೃತಕವಾಗಿ ಬೆಳೆಸಿದ ಬಣ್ಣವಿಲ್ಲದ ಹರಳು, ಬೆಲೆಬಾಳುವ ಕೈಗಡಿಯಾರಗಳ ಗಾಜಿಗೆ ಬಳಸುವಂಥದು. ಹರಳಿನ ಗಡಸಿಗೆ ಟೈಟೇನಿಯಂ ಸವೆದುಹೋಯಿತು. ಮೂರನೆಯದಕ್ಕೆ ಹೇನ್ಸ್ ಎಂಬ ಹೆಸರಿನ, ಕೋಬಾಲ್ಟು ಹೆಚ್ಚಾಗಿರುವ ಗಟ್ಟಿಯಾದ ಮಿಶ್ರಲೋಹವನ್ನು ತಂದರು. ಈಗ ಲೋಹ ತಡೆಯಿತು, ಬಿಲ್ಲೆ ಒಡೆಯಿತು.

ನಾಲ್ಕನೆಯ ಸಲ ಅವರ ವಿಚಾರಸರಣಿಯೇ ಬದಲಾಯಿತು. ಗಟ್ಟಿಗೆ ಗಟ್ಟಿಯನ್ನು ಎದುರಿಡುವುದರ ಬದಲು, ಗಟ್ಟಿಯಾದ ಲೋಹಕ್ಕೆ ಮೆತುವಾದ ಆದರೆ ಜಿಗುಟಾದ ಪ್ಲಾಸ್ಟಿಕ್ಕನ್ನು ಜೊತೆ ಮಾಡಿದರು. ಅದು ಪಾಲಿಥೀನಿನ ಜಾತಿಯದೇ. ಆದರೆ ಅಂಗಡಿಯ ಚೀಲದ ಪಾಲಿಥೀನಿಗಿಂತ ಅದರ ಅಣುಸರಪಳಿಗಳು ಬಹುಪಾಲು ಉದ್ದ. ಆದ್ದರಿಂದಲೇ ಸುಲಭವಾಗಿ ಸವೆಯದು, ಒಡೆಯದು. ಸೊಂಟದ ಕೃತಕ ಕೀಲಿನಲ್ಲಿಯೂ ಇದನ್ನೇ ಬಳಸುತ್ತಾರೆ. ಇದರಿಂದ ಇನ್ನೊಂದು ಅನುಕೂಲವೂ ಒದಗಿತು. ಬಿಲ್ಲೆ ಮುಚ್ಚುವಾಗಿನ ‘ಟಿಕ್ ಟಿಕ್’ ಸದ್ದು ಕಡಮೆ. ರಾತ್ರಿ ಮಗ್ಗುಲಾದಾಗ ತನ್ನ ಎದೆಯೊಳಗಿನ ಯಂತ್ರದ ಸದ್ದನ್ನು ಕೇಳುತ್ತ ಮಲಗಬೇಕಾದವರಿಗೆ ಇದು ಚಿಕ್ಕ ಸಂಗತಿಯಲ್ಲ.

ಪರೀಕ್ಷೆಯ ಮೆಟ್ಟಿಲುಗಳು

ಈಗ ಪ್ರಯೋಗಶಾಲೆಯೊಳಕ್ಕೆ ಹೋಗೋಣ. ಅಲ್ಲಿ ಏನೇನಿರಬೇಕು? ಹೊಸ ವಸ್ತುವೊಂದು ರೋಗಿಯ ಮೈಯನ್ನು ಸೇರಬೇಕಾದರೆ ಹಲವು ಮೆಟ್ಟಿಲುಗಳನ್ನು ಹತ್ತಬೇಕು. ಮೆಟ್ಟಿಲಿಗೊಂದು ಕೋಣೆ ಎಂದಿಟ್ಟುಕೊಳ್ಳಿ.

ಮೊದಲನೆಯ ಕೋಣೆಯಲ್ಲಿ ವಸ್ತುವಿನ ಪರೀಕ್ಷೆ. ಲೋಹದಲ್ಲಿ ಕಣ್ಣಿಗೆ ಕಾಣದ ಬಿರುಕುಂಟೆ, ಪ್ಲಾಸ್ಟಿಕ್ಕಿನಲ್ಲಿ ಕಲಬೆರಕೆಯುಂಟೆ ಎಂದು ನೋಡುತ್ತಾರೆ. ಎರಡನೆಯದರಲ್ಲಿ ವಿಷದ ಪರೀಕ್ಷೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಜೊತೆಗೆ ಆ ವಸ್ತುವನ್ನೋ ಅದರಿಂದ ಒಸರಿದ ಸಾರವನ್ನೋ ಇಟ್ಟು, ಕೋಶಗಳು ಬದುಕುತ್ತವೆಯೆ ಸಾಯುತ್ತವೆಯೆ ಎಂದು ಪರೀಕ್ಷಿಸುತ್ತಾರೆ. ಮೂರನೆಯದು ರಕ್ತದ ಪರೀಕ್ಷೆ. ರಕ್ತಕ್ಕೆ ಪರಕೀಯವಾದುದು ತಾಗಿದರೆ ಹೆಪ್ಪುಗಟ್ಟುವುದು ಅದರ ಸ್ವಭಾವ. ಗಾಯವಾದಾಗ ನಮ್ಮನ್ನು ಉಳಿಸುವ ಗುಣವದು. ಕವಾಟದ ಮೇಲೆ ನಡೆದರೆ ಮಾತ್ರ ಅಪಾಯ. ಹೆಪ್ಪಿನ ಚೂರು ಕಳಚಿ ಮಿದುಳಿಗೆ ಹೋದರೆ ಲಕ್ವ ಹೊಡೆಯಬಹುದು.

ನಾಲ್ಕನೆಯ ಕೋಣೆಯಲ್ಲಿ ಹೃದಯದ ಬಡಿತವನ್ನು ಅನುಕರಿಸುವ ಪಂಪು. ಅದರಲ್ಲಿ ಕವಾಟವನ್ನು ಕೂಡಿಸಿ, ದ್ರವ ಎಷ್ಟು ಸಲೀಸಾಗಿ ಮುಂದೆ ಹೋಗುತ್ತದೆ, ಎಷ್ಟು ಹಿಂದಕ್ಕೆ ಸೋರುತ್ತದೆ ಎಂದು ಅಳೆಯುತ್ತಾರೆ. ಐದನೆಯದು ಸವೆತದ ಪರೀಕ್ಷೆ. ಗಟ್ಟಿ ಕವಾಟವಾದರೆ 40 ಕೋಟಿ ಬಾರಿ ತೆರೆದು ಮುಚ್ಚಿ ತೋರಿಸಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಹೃದಯದ ವೇಗದಲ್ಲಿಯೇ ಹೋದರೆ ಇದಕ್ಕೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬೇಕು. ಆದ್ದರಿಂದ ಯಂತ್ರದಲ್ಲಿ ಬಡಿತದ ವೇಗವನ್ನು ಅನೇಕ ಪಟ್ಟು ಹೆಚ್ಚಿಸುತ್ತಾರೆ. ನಿಮಿಷಕ್ಕೆ 900 ಬಾರಿಯಂತೆ ಹಗಲೂ ರಾತ್ರಿಯೂ ನಡೆಸಿದರೂ ಸುಮಾರು 10 ತಿಂಗಳು ಬೇಕೆಂದು ನೀವೇ ಲೆಕ್ಕ ಹಾಕಿ ನೋಡಬಹುದು. ಈ ನಡುವೆ ಕರೆಂಟು ಹೋಗಕೂಡದು, ಯಂತ್ರ ಕೆಡಕೂಡದು, ನೋಡುವವನು ಬೇಸರಪಡಕೂಡದು.

ಆರನೆಯದು ಪ್ರಾಣಿಗಳ ಮೇಲಿನ ಪರೀಕ್ಷೆ. ಕವಾಟದ ವಿಷಯದಲ್ಲಿ ಇದಕ್ಕೆ ಕುರಿಗಳನ್ನು ಬಳಸುತ್ತಾರೆ. ಅವುಗಳ ಹೃದಯ ಗಾತ್ರದಲ್ಲಿ ಮನುಷ್ಯನ ಹೃದಯವನ್ನು ಹೋಲುತ್ತದೆ. ಇದಕ್ಕೆ ಮನುಷ್ಯರಿಗಿರುವಂಥದೇ ಶಸ್ತ್ರಕ್ರಿಯೆಯ ಕೋಣೆ, ಅರಿವಳಿಕೆ, ಪಶುವೈದ್ಯರ ಆರೈಕೆ ಬೇಕು. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ 1960ರ ಕಾಯಿದೆಯ ಕಟ್ಟುಪಾಡಿಗೆ ಒಳಗಾಗಿಯೇ ಇದು ನಡೆಯಬೇಕು. ಇಷ್ಟೂ ದಾಟಿದ ಮೇಲೆ, ನೀತಿಸಮಿತಿಯ ಒಪ್ಪಿಗೆಯಿಂದಲೂ ರೋಗಿಯ ಸ್ವಂತ ಸಮ್ಮತಿಯಿಂದಲೂ, ಮನುಷ್ಯನಿಗೆ ಕೂಡಿಸುವ ಮಾತು.

ಚಿತ್ರಾ ಕವಾಟಕ್ಕೆ ಆ ದಿನ ಬಂದದ್ದು 1990ರ ಡಿಸೆಂಬರ್ 6ರಂದು. ಅಂದಿನಿಂದ 1995ರ ಜನವರಿಯವರೆಗೆ ದೇಶದ 6 ಆಸ್ಪತ್ರೆಗಳಲ್ಲಿ 306 ಮಂದಿಗೆ ಇದನ್ನು ಕೂಡಿಸಿ, ಅವರ ಆರೋಗ್ಯವನ್ನು ಅನುಸರಿಸಿ ನೋಡಿದರು. ಟಿ.ಟಿ.ಕೆ. ಸಂಸ್ಥೆ ಇದರ ತಯಾರಿಕೆಯನ್ನು ಕೈಗೊಂಡಿತು. ವಿದೇಶೀ ಕವಾಟಗಳಿಗಿಂತ ಗಣನೀಯವಾಗಿ ಕಡಮೆ ಬೆಲೆಗೆ ಸಿಗುವ ಈ ಕವಾಟ ಒಂದು ಲಕ್ಷಕ್ಕೂ ಹೆಚ್ಚು ಮಂದಿಯ ಎದೆಯನ್ನು ಸೇರಿದೆ. ಡಾ. ವಲಿಯತ್ತಾನ್ ಅವರು 1993ರಿಂದ 1999ರವರೆಗೆ ನಮ್ಮ ಮಣಿಪಾಲದ ವಿಶ್ವವಿದ್ಯಾನಿಲಯದ ಮೊದಲನೆಯ ಕುಲಪತಿಗಳಾಗಿದ್ದರು. ಮಣಿಪಾಲದಲ್ಲಿಯೇ 2024ರ ಜುಲೈಯಲ್ಲಿ ತೀರಿಕೊಂಡರು.

ಕಟ್ಟಡವಲ್ಲ, ಕೂಟ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಇಷ್ಟು ಹಣ, ಇಷ್ಟು ಕಾಲ ಏತಕ್ಕೆ? ಮೂರು ಮಾದರಿಗಳು ಸೋತದ್ದನ್ನು ನಷ್ಟವೆಂದು ಬರೆಯುವವರು ಒಂದು ಮಾತನ್ನು ಗಮನಿಸಬೇಕು. ಪ್ರಯೋಗಶಾಲೆಯಲ್ಲಿ ಮುರಿದ ಕವಾಟದಿಂದ ಯಾವ ರೋಗಿಯೂ ಸಾಯಲಿಲ್ಲ. ಅಲ್ಲಿ ಮುರಿಯದಿದ್ದರೆ ಎದೆಯೊಳಗೆ ಮುರಿಯುತ್ತಿತ್ತು. ಹಾಗೆ ಮುಂಚಿತವಾಗಿ ಮುರಿದು ನೋಡುವುದಕ್ಕಾಗಿಯೇ ಅಲ್ಲಿನ ಯಂತ್ರಗಳಿರುವುದು. ಮಾರಾಟದ ಅವಸರವಿರುವ ಕಾರ್ಖಾನೆಗೆ ಹತ್ತು ವರ್ಷದ ತಾಳ್ಮೆ ಕಷ್ಟ. ರೋಗಿಗಳ ಸಾಲು ಹೊರಗೆ ನಿಂತಿರುವ ಆಸ್ಪತ್ರೆಗೆ ಪುರುಸೊತ್ತಿಲ್ಲ. ಪಾಠ ಹೇಳುತ್ತ, ಪರೀಕ್ಷಿಸುತ್ತ, ಸೋತದ್ದನ್ನು ಮುಚ್ಚಿಡದೆ ಬರೆದು ಪ್ರಕಟಿಸುತ್ತ ಹೋಗುವ ಕೆಲಸ ವಿಶ್ವವಿದ್ಯಾನಿಲಯಕ್ಕೆ ಒಪ್ಪುವಂಥದು.

ಹಾಗೆಂದು ಯಂತ್ರಗಳನ್ನು ಕೊಂಡು ಕೋಣೆಗಳಲ್ಲಿ ತುಂಬಿದರೆ ಸಾಲದು. ಶಸ್ತ್ರವೈದ್ಯನ ಮಾತು ಇಂಜಿನಿಯರಿಗೆ ತಿಳಿಯಬೇಕು. ಲೋಹದ ಮಿತಿ ಶಸ್ತ್ರವೈದ್ಯನಿಗೆ ತಿಳಿಯಬೇಕು. ದೆಹಲಿಯ ಐ.ಐ.ಟಿ.ಯಲ್ಲಿ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಜೊತೆಗೂಡಿ 1971ರಲ್ಲಿಯೇ ಇಂಥ ಕೇಂದ್ರವೊಂದು ಆರಂಭವಾಯಿತು. ಮದರಾಸಿನ ಐ.ಐ.ಟಿ., ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು, ತಿರುವನಂತಪುರದ ಈ ಸಂಸ್ಥೆ ಮೂರೂ ಸೇರಿ ಇಂಜಿನಿಯರಿಂಗ್ ಪದವೀಧರರನ್ನು ಆಸ್ಪತ್ರೆಯೊಳಗೆ ತರಬೇತು ಮಾಡುವ ಶಿಕ್ಷಣಕ್ರಮವನ್ನು ನಡೆಸಿಕೊಂಡು ಬಂದಿವೆ. ಇಂಜಿನಿಯರಿಂಗ್ ಓದುತ್ತಿರುವ ಮಗನೋ ಮಗಳೋ ನಿಮ್ಮ ಮನೆಯಲ್ಲಿದ್ದರೆ, ಸೇತುವೆ, ಅಣೆಕಟ್ಟು, ಕಂಪ್ಯೂಟರುಗಳಲ್ಲದೆ ಈ ದಾರಿಯೂ ಇದೆಯೆಂದು ಹೇಳಿ.

ಮನೆಯವರಿಗೆ ಎರಡು ಮಾತು

ಕೃತಕ ಕವಾಟ ಎಷ್ಟೇ ಚೆನ್ನಾಗಿದ್ದರೂ ದೇವರು ಕೊಟ್ಟ ಕವಾಟಕ್ಕೆ ಸಮವಲ್ಲ. ಅದನ್ನು ಕೂಡಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಜೀವಮಾನವಿಡೀ ತಪ್ಪದೆ ನುಂಗಬೇಕು. ಮಾತ್ರೆಯ ಪ್ರಮಾಣ ಹೆಚ್ಚಾಗಿಲ್ಲ, ಕಡಮೆಯಾಗಿಲ್ಲ ಎಂದು ಕಾಲಕಾಲಕ್ಕೆ ರಕ್ತಪರೀಕ್ಷೆ ಮಾಡಿಸಬೇಕು. ‘ಈಗ ಆರಾಮವಾಗಿದ್ದೇನೆ’ ಎಂದು ತಾವಾಗಿಯೇ ಮಾತ್ರೆ ನಿಲ್ಲಿಸಬಾರದು. ಹಲ್ಲು ಕೀಳಿಸುವುದಿದ್ದರೂ, ಬೇರೆ ಔಷಧ ತೆಗೆದುಕೊಳ್ಳುವುದಿದ್ದರೂ, ಮನೆಯ ಸೊಸೆ ಬಸುರಿಯಾಗುವ ಯೋಚನೆಯಿದ್ದರೂ ವೈದ್ಯರಿಗೆ ಮೊದಲೇ ತಿಳಿಸಬೇಕು.

ಇನ್ನು ಮಕ್ಕಳ ವಿಷಯ. ಮಗುವಿಗೆ ಜ್ವರದೊಡನೆ ಗಂಟಲು ಕೆಂಪಾಗಿ ನೋಯುತ್ತಿದ್ದರೆ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿದರೆ ಸಾಕೆಂದು ಸುಮ್ಮನಿರದೆ ವೈದ್ಯರಿಗೆ ತೋರಿಸಿ. ಅವರು ಕೊಟ್ಟ ಔಷಧವನ್ನು, ನೋವು ಎರಡೇ ದಿನಕ್ಕೆ ಹೋದರೂ, ಹೇಳಿದಷ್ಟು ದಿನ ಪೂರ್ತಿ ಕೊಡಿ. ಗಂಟಲುನೋವಿನ ಹಿಂದೆಯೇ ಕೀಲುಗಳು ಬಾತು, ನೋವು ಒಂದರಿಂದ ಇನ್ನೊಂದಕ್ಕೆ ಓಡಾಡುತ್ತಿದ್ದರೆ ಬೆಳೆಯುವ ಮಕ್ಕಳಿಗೆ ಇದೆಲ್ಲ ಸಹಜವೆಂದು ಬಿಡಬೇಡಿ. ಒಮ್ಮೆ ರುಮ್ಯಾಟಿಕ್ ಜ್ವರ ಬಂದ ಮಕ್ಕಳಿಗೆ ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದನ್ನು ವರ್ಷಗಟ್ಟಲೆ ಕೊಡಿಸುವ ಕ್ರಮವುಂಟು. ಅದರಿಂದ ಜ್ವರ ಮರಳಿ ಬರುವುದು ತಪ್ಪಿ, ಕವಾಟ ಮತ್ತಷ್ಟು ಕೆಡದೆ ಉಳಿಯುತ್ತದೆ. ತಿರುವನಂತಪುರದ ಕವಾಟ ಕೆಟ್ಟ ಬಾಗಿಲಿಗೆ ಬದಲಿ ಬಾಗಿಲು. ಇರುವ ಬಾಗಿಲನ್ನು ಕೆಡದಂತೆ ಕಾಯುವ ಕೆಲಸಕ್ಕೆ ಬೇಕಾದದ್ದು ಹತ್ತಿರದ ಆಸ್ಪತ್ರೆ, ಅಗ್ಗದ ಒಂದು ಔಷಧ, ಮತ್ತು ಮನೆಯವರ ಎಚ್ಚರ.